ಕಾಕಾರ ಸೈಕಲ್ಲು ಹಾರಿದ ಸಂಜೆ

ಸಿಂಧನೂರಿನ ಸೈಕಲ್ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹೊಸ ಟೈರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನನ್ನ ಬಳಿ ಸೈಕಲ್ ಕಲಿಯುವ ಹುಡುಗಿಯೊಬ್ಬಳ ಗಾಡಿಯ ರಿಪೇರಿಗೆಂದು ಅವಳನ್ನೂ ಕರೆದುಕೊಂಡು ಹೋಗಿದ್ದೆ. ಅಂಗಡಿಯವರು ಕೈಲಿದ್ದ ಕೆಲಸ ಮುಗಿಸುವವರೆಗೂ ಸ್ಟೂಲಿನ ಮೇಲೆ ಕುಳಿತು, ಮೇಲೆ ತೂಗುಹಾಕಿದ್ದ ಹಲ್ಲುಹಲ್ಲಿನ ದಪ್ಪ ಟೈರುಗಳನ್ನು ನೋಡುತ್ತಿದ್ದೆ. ಆಗ ಕಾಕಾ ನೆನಪಾದರು. ಅವರ ಬೀಜದ ಅಂಗಡಿಯಲ್ಲೂ ಒಂದು ಕಾಲಕ್ಕೆ ಇದೇ ವಾಸನೆ ಇತ್ತು, ಹತ್ತಿಬೀಜಕ್ಕೆ ಸವರಿದ ಔಷಧಿಯ ಘಾಟಿನೊಂದಿಗೆ ಬೆರೆತು...

ಕಾಕಾ ನಮ್ಮ ರಕ್ತಸಂಬಂಧಿಯಲ್ಲ, ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯವರು. ಹೊಲವೂ ಇತ್ತು, ಬಜಾರಿನಲ್ಲಿ ಬೀಜದ ಅಂಗಡಿಯೂ ಇತ್ತು. ಎತ್ತುಗಳೆಂದರೆ ಜೀವ ಬಿಡುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದ್ದರೂ ಮಾತಿಗೊಮ್ಮೆ ಎತ್ತಿನ ಸುದ್ದಿ ಬರದೆ ಇರುತ್ತಿರಲಿಲ್ಲ.

ಅವರ ಹೆಂಡತಿಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಒಂದು ದಿನ ಜವಳಗೇರಾದ ತವರುಮನೆಯಿಂದ ಅವರನ್ನು ಮೋಟಾರ್ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬರುವಾಗ, ಕಾಲುವೆ ದಾರಿಯ ಸಣ್ಣ ಸೇತುವೆಯ ಉಬ್ಬಿನ ಮೇಲೆ ಮುಂದಿನ ಗಾಲಿ ಗಕ್ಕನೆ ನಿಂತು ಗಾಡಿ ಮಗುಚಿತು. ಕಾಕಾ ಉಳಿದರು. ಚಿಗವ್ವ ಉಳಿಯಲಿಲ್ಲ. ಬ್ರೇಕ್ ತಾನಾಗಿಯೇ ಜಾಮ್ ಆಯಿತು ಎಂದು ಕಾಕಾ ಹೇಳಿದರು. ಅತ್ತೆಮನೆಯವರು ನಂಬಿದರು, ಊರೂ ನಂಬಿತು. ಗಾಡಿ ಗುಜರಿಗೆ ಹೋಯಿತು, ಯಾರೂ ಬಿಚ್ಚಿ ನೋಡಲಿಲ್ಲ.

ಅದಾಗಿ ವರ್ಷ ಕಳೆದಿರಬೇಕು. ನಾನು ವಿಜಯಪುರದಲ್ಲಿ ಸೈಕಲ್ ತರಬೇತಿಯಲ್ಲಿದ್ದವಳು, ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಊರಿಗೆ ಬಂದು ಮೂಲೆ ಹಿಡಿದಿದ್ದೆ. ಯಾರು ಮಾತಾಡಿಸಿದರೂ ಸಿಡಿಮಿಡಿ. ಒಂದು ಬೆಳಿಗ್ಗೆ ಕಾಕಾ ಗುಡ್ಡಗಾಡಿನಲ್ಲಿ ಓಡಿಸುವಂಥ ಗೇರ್ ಸೈಕಲ್ಲೊಂದನ್ನು ತಳ್ಳಿಕೊಂಡು ನಮ್ಮ ಬಾಗಿಲಿಗೆ ಬಂದರು. ಹಾರಿಸುವುದನ್ನು ಕಲಿಸು ಎಂದರು. ಐವತ್ತರ ಹತ್ತಿರದ ಮನುಷ್ಯ! ನಾನು ನಕ್ಕೆ. ಅವರು ನಗಲಿಲ್ಲ.

"ಉಬ್ಬು ಬಂತಂದ್ರ ಸಾಕು, ಕೈ ತಾವ ಬ್ರೇಕ್ ಹಿಡೀತಾವ, ಯವ್ವಾ. ಒಮ್ಮೆ, ಒಂದ ಒಮ್ಮೆ ಹಿಡೀಲಾರದ ಹಾರಿ ಇಳೀಬೇಕು ನಾ. ಅಷ್ಟಾದ್ರ ನಿದ್ದಿ ಬರ್ತೈತಿ."

ಅಂಗಡಿ ತೆರೆಯುವ ಮುಂಚೆ ಗುಡ್ಡದ ಬುಡದ ಬಯಲಿಗೆ ಹೋಗುತ್ತಿದ್ದೆವು. ಮೊದಲು ಇಟ್ಟಿಗೆಯ ಮೇಲೊಂದು ಹಲಗೆ. ಆಮೇಲೆ ಮಣ್ಣಿನ ದಿಬ್ಬ. ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆಂದು ಕಲ್ಲುಮಿಶ್ರಿತ ಗರಸು ಮಣ್ಣು ತರಿಸಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿದೆವು. ಮೊಣಕಾಲೆತ್ತರಕ್ಕಿಂತ ಹೆಚ್ಚಿರಲಿಲ್ಲ. ಪೆಡಲಿನ ಮೇಲೆ ಎದ್ದು ನಿಲ್ಲಿ, ಮೊಣಕಾಲು ಸಡಿಲ ಬಿಡಿ, ದಿಬ್ಬವನ್ನು ನೋಡಬೇಡಿ, ಅದರಾಚೆ ನೋಡಿ ಎಂದು ಬಡಕೊಳ್ಳುತ್ತಿದ್ದೆ. ಕಾಕಾ ಜೋರಾಗಿಯೇ ಬರುತ್ತಿದ್ದರು. ದಿಬ್ಬದ ತುದಿ ಬಂತೋ ಇಲ್ಲವೋ, ಬೆರಳು ಬಿಗಿಯುತ್ತಿತ್ತು. ಸೈಕಲ್ಲು ಕಿರ್ರೆಂದು ನಿಲ್ಲುತ್ತಿತ್ತು, ಕಾಲು ನೆಲಕ್ಕೆ.

ಪ್ರತಿ ಸಲವೂ ತಪ್ಪು ಸೈಕಲ್ಲಿನದೇ. ಮುಟ್ಟಿದರೆ ಸಾಕು ಬ್ರೇಕ್ ಗಕ್ಕನೆ ಹಿಡಿಯುತ್ತದೆಂದು ಸಿಂಧನೂರಿಗೆ ಹೋಗಿ ಡಿಸ್ಕ್ ಬ್ರೇಕ್ ಹಾಕಿಸಿಕೊಂಡು ಬಂದರು. ನಂತರ ಮುಂದಿನ ಶಾಕ್ ಅಬ್ಸಾರ್ಬರ್ ಗಡುಸಾಯಿತು, ಅದನ್ನೂ ಬದಲಿಸಿದರು. ಟೈರು ಜಾರುತ್ತದೆಂದು ಹಲ್ಲಿನ ಟೈರು ಬಂತು, ಹ್ಯಾಂಡಲ್ ಸಣ್ಣದೆಂದು ಅಗಲದ್ದು ಬಂತು. ಬಿಚ್ಚಿದ ಸಾಮಾನೆಲ್ಲ ಬೀಜದ ಚೀಲಗಳ ಹಿಂದೆ ಬಿದ್ದಿರುತ್ತಿತ್ತು. "ಕಾಕಾ, ಇದರಾಗ ಹಳೇದಂತ ಉಳಿದಾವ್ರು ನೀವೊಬ್ಬರ ನೋಡ್ರಿ," ಎಂದು ಕಾಡಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೋಮವಾರ ಮಾತ್ರ ಸೈಕಲ್ಲಿಗೆ ರಜೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಇದಕ್ಕೂ ಅದೇ ಕಾಯಿದೆ ಎನ್ನುತ್ತಿದ್ದರು. ಹೊಸ ಸಾಮಾನು ಬಂದ ವಾರ ಅವರ ಮುಖದಲ್ಲೊಂದು ಕಳೆ ಇರುತ್ತಿತ್ತು, ಈ ಸಲ ಆಗಿಯೇ ಬಿಡುತ್ತದೆ ಎನ್ನುವಂಥ ಕಳೆ. ಆ ಮುಖ ನೋಡಲೆಂದೇ ನಾನೂ ಬೇಗ ಏಳುತ್ತಿದ್ದೆ.

ಕಾರಹುಣ್ಣಿಮೆ ಬಂತು. ಊರಲ್ಲಿ ಎತ್ತುಗಳ ಕೊಂಬಿಗೆ ಬಣ್ಣ ಬಳಿದರೆ, ಕಾಕಾ ಸೈಕಲ್ಲಿನ ಹ್ಯಾಂಡಲ್ಲಿಗೆ ಬಳಿದು ಗೊಂಡೆ ಕಟ್ಟಿದರು. ಸಂಜೆ ಊರಬಾಗಿಲ ಅಗಸಿಯಲ್ಲಿ ಎತ್ತುಗಳು ಬೇವಿನ ತೋರಣ ಹರಿದು ಓಡಿದ್ದನ್ನು ನೋಡಿಕೊಂಡು, ಇವತ್ತು ಆಗಲೇಬೇಕು ಎಂದು ನನ್ನನ್ನು ಬಯಲಿಗೆ ಕರೆದುಕೊಂಡು ಹೋದರು. ಹೋದರು, ಬಂದರು, ನಿಂತರು. ಮತ್ತೆ ಹೋದರು, ಮತ್ತೆ ನಿಂತರು. ಕೊನೆಗೆ ಬಂಡೆಯ ಮೇಲೆ ಕುಳಿತು ಬೆವರು ಒರೆಸಿಕೊಂಡರು.

"ಎತ್ತು ಮೊಂಡ ಬಿದ್ರ ಬ್ಯಾರೆಯವರ ಕೈಯಾಗ ಕೊಟ್ಟು ನೋಡ್ತಾರ, ಯವ್ವಾ. ಅವರಿಗೂ ನಡೀಲಿಲ್ಲಂದ್ರ ತಪ್ಪು ಎತ್ತಿಂದು. ನೀ ಒಮ್ಮೆ ಹಾರಸು."

ಪೆಟ್ಟಾದ ಮೇಲೆ ನಾನೂ ಹಾರಿರಲಿಲ್ಲ. ಆದರೆ ಪೆಡಲ್ ತುಳಿದ ಮೇಲೆ ಮೈಗೆ ಹಳೆಯದೆಲ್ಲ ತಾನಾಗಿ ನೆನಪಾಯಿತು. ದಿಬ್ಬ ಏರಿದ್ದು ಗೊತ್ತು, ನೆಲ ಬಿಟ್ಟದ್ದು ಗೊತ್ತು. ಎರಡೂ ಗಾಲಿ ಒಟ್ಟಿಗೆ, ಹೂವು ಇಳಿಸಿದಂತೆ ಇಳಿದವು. ಅಂಥಾ ಒಳ್ಳೆಯ ಸೈಕಲ್ಲನ್ನು ನಾನು ವಿಜಯಪುರದಲ್ಲೂ ಹಾರಿಸಿರಲಿಲ್ಲ. ಖುಷಿಯಿಂದ ನಗುತ್ತಾ ತಿರುಗಿ ಬಂದೆ.

ಕಾಕಾ ನನ್ನನ್ನು ನೋಡಲಿಲ್ಲ. ಸೈಕಲ್ಲನ್ನೇ ನೋಡುತ್ತಿದ್ದರು.

"ಗಾಡೀದೇನೂ ತಪ್ಪಿಲ್ಲ," ಎಂದರು. ಹ್ಯಾಂಡಲ್ಲಿನ ಗೊಂಡೆ ಬಿಚ್ಚುತ್ತಾ, "ಅವತ್ತಿನ ಗಾಡೀದೂ ಇರಲಿಲ್ಲ, ಯವ್ವಾ. ಬ್ರೇಕ್ ಹಿಡಿದಾಂವ ನಾನ."

ನಾನು ಸೈಕಲ್ಲು ತಳ್ಳಿಕೊಂಡು ಅವರ ಹಿಂದೆ ಊರ ಕಡೆ ನಡೆದೆ.

ಆ ವಾರವೇ ಅವರು ಜವಳಗೇರಾಕ್ಕೆ ಹೋಗಿ ಅತ್ತೆಮನೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು. ನೀರಿನ ತಂಬಿಗೆ ಹಿಡಿದು ಬಂದಿದ್ದ ಅತ್ತೆ, ತಂಬಿಗೆ ಕೊಡದೆ ಹಾಗೇ ಒಳಗೆ ಹೋದರಂತೆ. ಕಾಕಾ ಅಂಗಳದಿಂದಲೇ ತಿರುಗಿ ಬಂದರು. ಆ ಮನೆಯವರು ಮತ್ತೆ ಇವರ ಹೊಸ್ತಿಲು ತುಳಿಯಲಿಲ್ಲ. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಕಾಕಾರಿಗೆ ಹಾಗೇನೂ ಆಗಲಿಲ್ಲ. ಇನ್ನೂ ಸಣ್ಣ ದಿಬ್ಬ ಮಾಡೋಣ, ಮೊದಲಿನಿಂದ ಶುರು ಮಾಡೋಣ ಎಂದು ನಾನು ಎಷ್ಟು ದುಂಬಾಲು ಬಿದ್ದರೂ ಅವರು ತಲೆಯೆತ್ತದೆ ಬೀಜದ ಪಾಕೀಟು ಜೋಡಿಸುತ್ತಿದ್ದರು. ಸೈಕಲ್ಲು ಅಂಗಡಿಯ ಮೂಲೆಯಲ್ಲಿ ಗಾಳಿಯಿಳಿದು ನಿಂತಿತು. ಗಿರಾಕಿಗಳು ಅದರ ಮೇಲೆ ಟವೆಲ್ಲು ಹಾಕುತ್ತಿದ್ದರು.

ಕೆಲವೇ ವರ್ಷಗಳಲ್ಲಿ ಕಾಕಾ ತೀರಿಕೊಂಡರು. ದೊಡ್ಡ ಜಡ್ಡೇನೂ ಇರಲಿಲ್ಲ, ಊಟ ಬಿಟ್ಟರು, ಕೃಶರಾದರು, ಹೋದರು. ಅವರು ಸತ್ತದ್ದಕ್ಕಿಂತ ಹೆಚ್ಚಾಗಿ, ಆ ಸಂಜೆಯ ನಂತರ ಅವರಿಗೆ ಬದಲಿಸಲು ಏನೂ ಉಳಿಯಲಿಲ್ಲವಲ್ಲ, ಅದು ನನಗೆ ಇಂದಿಗೂ ಸಂಕಟ.

"ಮೇಡಂ," ಅಂಗಡಿಯವರು ಕರೆದಾಗ ಎಚ್ಚರಾಯಿತು. ಹುಡುಗಿಯ ಸೈಕಲ್ಲನ್ನು ಎತ್ತಿ ಹಿಡಿದು ಗಾಲಿ ತಿರುಗಿಸಿ, ಬ್ರೇಕ್ ಹಿಡಿದು, ಬಿಟ್ಟು ನೋಡುತ್ತಿದ್ದರು. "ಬ್ರೇಕ್ ಚಲೋ ಅದಾವಲ್ರೀ. ಸುಮ್ನ ಯಾಕ ಬದಲಿ ಮಾಡಸ್ತೀರಿ?"

ಹೋದ ತಿಂಗಳು ದಿಬ್ಬದಲ್ಲಿ ಬಿದ್ದಾಗಿನಿಂದ ಬ್ರೇಕ್ ಸರಿಯಿಲ್ಲ ಎನ್ನುತ್ತಿದ್ದ ಹುಡುಗಿ ತಲೆ ತಗ್ಗಿಸಿದಳು. ಬ್ರೇಕಿನದೇನೂ ತಪ್ಪಿಲ್ಲವೆಂದು ನಾನೊಮ್ಮೆ ಹಾರಿಸಿ ತೋರಿಸಿದರೆ ಮುಗಿಯುತ್ತಿತ್ತು. ಹೊಸ ಬ್ರೇಕಿನಿಂದ ಅವಳ ಅಂಜಿಕೆ ಹೋಗುವುದಿಲ್ಲವೆಂದೂ ಗೊತ್ತಿತ್ತು.

"ಇರ್ಲಿ," ಎಂದೆ, "ಬದಲಿ ಮಾಡ್ರಿ."