ಎದೆಗೆ ಚುಚ್ಚಿಕೊಂಡರೆ ಮಾತ್ರ ಮಾರಾಟ

ಒಂದು ಬಿಲ್ಲೆಗೆ ಬೇಕಾದ ತಗಡು, ಪಿನ್ನು, ಚಿತ್ರದ ಕಾಗದ, ಅದರ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಎಲ್ಲ ಸೇರಿದರೆ ಒಂದು ಲೋಟ ಚಹಾದ ಬೆಲೆ. ಮಾರುವುದು ಮೂರು ಲೋಟದ ಬೆಲೆಗೆ. "ನಡುವಿನ ಎರಡು ಲೋಟ ಜನರನ್ನ ನಗಿಸಿದ ಕೂಲಿ" ಎನ್ನುತ್ತಾರೆ, ಮಾರುಕಟ್ಟೆಯವರೆಲ್ಲ ಬಿಲ್ಲೆ ಅಕ್ಕ ಎಂದು ಕರೆಯುವ ಈ ಹೆಂಗಸು.

ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿಗೆ ಬಿಗಿದ ಕೈಯಂತ್ರದ ಹಿಡಿಯನ್ನು ಅವರು ಒತ್ತುತ್ತಿದ್ದಾರೆ. ಪಕ್ಕದಲ್ಲಿ ಕೂತ ನಾದಿನಿ ದುಂಡಗೆ ಕತ್ತರಿಸಿದ ಚಿತ್ರಗಳನ್ನು ಒಂದೊಂದಾಗಿ ಕೊಡುತ್ತಿದ್ದಾರೆ. ಯಂತ್ರದ ಅಚ್ಚು ಸವೆದಿದೆ. ಎರಡೆರಡು ಸಲ ಒತ್ತದಿದ್ದರೆ ಅಂಚು ಕೂರುವುದಿಲ್ಲ. ಇಂದಿನ ಚಿತ್ರದಲ್ಲಿ ದೊಡ್ಡ ಕತ್ತರಿ, ತುಂಡಾದ ರಿಬ್ಬನ್ನು, ಅದರಾಚೆ ಬರೀ ನೀರು. ಕೆಳಗೆ, 'ಉದ್ಘಾಟನೆ ಆಯ್ತು, ಸೇತುವೆ ಬರ್ತಾ ಇದೆ.' ಪುರಸಭೆಯ ಸದಸ್ಯರೊಬ್ಬರು ಇಲ್ಲದ ಸೇತುವೆಯನ್ನು ಎರಡನೇ ಬಾರಿ ಉದ್ಘಾಟಿಸಿದ್ದು ಹೋದ ವಾರ.

ಈ ಕಸುಬಿಗೆ ಒಂದೇ ಒಂದು ಅಕ್ಷರ ಕಾರಣ. ಮೊದಲು ಅವರು ಶಾಲೆ, ಸಂಘಗಳಿಗೆ ಹೆಸರಿನ ಬಿಲ್ಲೆ ಮಾಡಿಕೊಡುತ್ತಿದ್ದರು. ಚುನಾವಣೆಗೆ ನಿಂತವರೊಬ್ಬರು 'ಜನಸೇವೆಗೆ ಸದಾ ಸಿದ್ಧ' ಎಂದು ಬರೆಯಲು ಹೇಳಿದರೆ, ನಿದ್ದೆಗಣ್ಣಲ್ಲಿ ಇವರು 'ಜನಸೇವನೆಗೆ ಸದಾ ಸಿದ್ಧ' ಎಂದು ಬರೆದುಬಿಟ್ಟರು. ಅಭ್ಯರ್ಥಿ ಬಿಲ್ಲೆಗಳ ಚೀಲ ಎಸೆದು ಹೋದರು. ಹಾಕಿದ ಬಂಡವಾಳವಾದರೂ ಬರಲಿ ಎಂದು ಮಾರುಕಟ್ಟೆಯ ಮೂಲೆಯಲ್ಲಿ ಕೂತರೆ ಮಧ್ಯಾಹ್ನದೊಳಗೆ ಚೀಲ ಖಾಲಿ. "ಕೈತಪ್ಪಿ ಬರೆದದ್ದೇ ಕೈ ಹಿಡೀತು ನೋಡಿ."

ಅಂದಿನಿಂದ ಊರಿನ ದೊಡ್ಡವರನ್ನು ಗೇಲಿ ಮಾಡುವ ಬಿಲ್ಲೆಗಳೇ, ಒಂದು ಚಿತ್ರಕ್ಕೆ ನೂರೇ. ಮುಗಿದ ಮೇಲೆ ಮೂಲ ಚಿತ್ರವನ್ನು ಕತ್ತರಿಸಿ ಹಾಕುತ್ತಾರೆ. ಒಬ್ಬರಿಗೆ ಒಂದೇ, ಅದನ್ನೂ ಎದುರಿಗೇ ಚುಚ್ಚಿಕೊಳ್ಳಬೇಕು. ಈ ಷರತ್ತು ಆಮೇಲೆ ಬಂದದ್ದು. ಗುತ್ತಿಗೆದಾರನೊಬ್ಬ ತನ್ನನ್ನು ಗೇಲಿ ಮಾಡಿದ ಬಿಲ್ಲೆಗಳನ್ನು ಒಟ್ಟಿಗೆ ಕೊಂಡು ಚರಂಡಿಗೆ ಸುರಿದಿದ್ದ. "ದುಡ್ಡೇನೋ ಬಂತು. ಒಬ್ಬರೂ ನಗಲಿಲ್ಲ. ವಾರವಿಡೀ ಊಟ ಸೇರಲಿಲ್ಲ ನಂಗೆ."

ಇಂದು ಮಾರುಕಟ್ಟೆಯ ಮೂಲೆಯಲ್ಲಿ ತಟ್ಟೆಗೆ ಬಿಲ್ಲೆ ಹರಡುವ ಮೊದಲೇ ಸದಸ್ಯರ ಸಹಾಯಕ ಹಾಜರು.

"ಅಕ್ಕಾ, ಎಲ್ಲಾ ಕಟ್ಟಿಬಿಡಿ. ಎರಡರಷ್ಟು ಕೊಡ್ತೀನಿ."

"ಒಬ್ಬರಿಗೆ ಒಂದೇ ಸ್ವಾಮಿ."

ನಾದಿನಿ ಮೊಣಕೈಯಲ್ಲಿ ತಿವಿಯುತ್ತಾರೆ. "ಅತ್ತಿಗೆ, ಹೊಸ ಅಚ್ಚಿನ ದುಡ್ಡು ತಾನಾಗೇ ಬಾಗಿಲಿಗೆ ಬಂದಿದೆ. ಒಳಗೆ ಕರೀರಿ."

"ಕರೆದ್ರೆ ಇದನ್ನ ಓದೋರು ಯಾರು? ಚರಂಡಿ ಕಪ್ಪೆಗಳಾ?"

ಸಹಾಯಕ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಮೂಟೆ ಹೊರುವವರ ಸಾಲೊಂದು ಬಂದು ನಿಲ್ಲುತ್ತದೆ. ಎದುರಿನ ದೀಪದ ಕಂಬದ ಬಳಿ ಆತನೇ ಒಬ್ಬೊಬ್ಬರ ಕೈಗೂ ಚಿಲ್ಲರೆ ಹಾಕಿ ಕಳಿಸುತ್ತಿರುವುದು ಕಾಣುತ್ತದೆ.

"ಒಂದು ಕೊಡಕ್ಕಾ. ಜೇಬಿಗೆ ಹಾಕ್ಕೋತೀನಿ."

"ಜೇಬೊಳಗಿದ್ರೆ ಯಾರು ಓದ್ತಾರಪ್ಪಾ? ಎದೆ ಮುಂದೆ ಮಾಡು."

ಚುಚ್ಚಿಸಿಕೊಂಡವನು ಓದಿ, ಹಿಂದಿನವನಿಗೆ ತೋರಿಸಿ ನಗುತ್ತಾನೆ. ಲಾರಿ ಬಂದು ನಿಲ್ಲುತ್ತಲೇ ಎಲ್ಲರೂ ಮೂಟೆಗೆ ಹೆಗಲು ಕೊಡುತ್ತಾರೆ. ಸಹಾಯಕ ಬಿಲ್ಲೆ ವಾಪಸ್ ಕೇಳುತ್ತಾ ಒಬ್ಬೊಬ್ಬರ ಹಿಂದೆ ಓಡುತ್ತಾನೆ.

"ಕೈ ಖಾಲಿ ಇಲ್ಲ ಸಾರ್. ಸಂಜೆ ನೋಡೋಣ."

ಸೇತುವೆಯಿಲ್ಲದ ಕತ್ತರಿ ಮೂಟೆಗಳ ಕೆಳಗೆ ಇಡೀ ಮಾರುಕಟ್ಟೆ ಸುತ್ತುತ್ತದೆ. ಕಂಡವರು ತಟ್ಟೆ ಹುಡುಕಿಕೊಂಡು ಬರುತ್ತಾರೆ. ಊಟದ ಹೊತ್ತಿಗೆ ತಟ್ಟೆ ಬರಿದು.

ಆಮೇಲೆ ಬರುವವರು ಗಡಿಯಾರ ರಿಪೇರಿ ಮಾಡುವ ಹಿರಿಯರು. ಮೊದಲ ಬಿಲ್ಲೆಯಿಂದ ಇಲ್ಲಿಯವರೆಗೆ ಒಂದನ್ನೂ ಬಿಟ್ಟವರಲ್ಲ.

"ನನಗೊಂದು ಎತ್ತಿಟ್ಟಿಲ್ವೇನಮ್ಮಾ?"

"ಇಲ್ಲ ಮಾವ. ನೂರೂ ಹೋಯ್ತು."

ಅವರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. "ಇನ್ನೊಂದು ಒತ್ತಿದ್ರೆ ಆಕಾಶ ಬೀಳ್ತಿತ್ತಾ?" ಎಂದು ನಾದಿನಿ ಗೊಣಗುತ್ತಾರೆ.

"ಅವ್ರು ಇಷ್ಟು ವರ್ಷ ಕೊಂಡಿದ್ದೇ ನಾನು ಇನ್ನೊಂದು ಒತ್ತಲ್ಲ ಅಂತ" ಎನ್ನುತ್ತಾ ಬಿಲ್ಲೆ ಅಕ್ಕ ಮೂಲ ಚಿತ್ರವನ್ನು ಎರಡು ಹೋಳು ಮಾಡುತ್ತಾರೆ.

ಇಂದು ಕಳೆದದ್ದು ಎರಡರಷ್ಟು ಬೆಲೆ, ಹಳೆಯ ಗಿರಾಕಿಯೊಬ್ಬರ ಸಂತೋಷ. ನೂರು ಬಿಲ್ಲೆಗಳೂ ಬೀದಿಯಲ್ಲಿ, ಜನರ ಎದೆಯ ಮೇಲಿವೆ.