ಗುರುವಾರದವರೆಗೆ ಕುಯ್ಯದ ಗಡ್ಡೆ

ತೊಂಬತ್ತರ ದಶಕದಲ್ಲಿ ನಂಜನಗೂಡಿನ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳು ಕೆಡದಿರಲಿ ಅಂತ ಫಾರ್ಮಲಿನ್ ಬಾಟಲಿಯಲ್ಲಿ ಬರುತ್ತಿದ್ದವು. ಕ್ಯಾನ್ಸರ್ ಹೌದೋ ಅಲ್ಲವೋ ನೋಡಿ ಹೇಳುವ ಡಾಕ್ಟರು ಮೈಸೂರಿನಿಂದ ಗುರುವಾರ ಮಾತ್ರ ಬರುವವರು. ಗಡ್ಡೆಯ ಆಕಾರ ಕೆಟ್ಟೀತು, ತಾವು ಬರುವ ತನಕ ಯಾರೂ ಚಾಕು ಮುಟ್ಟಿಸಬಾರದು ಅಂತ ಅವರ ಕಟ್ಟಪ್ಪಣೆ. ಶುಕ್ರವಾರ ಬಂದ ಗಡ್ಡೆ ಆರು ದಿನ ಇಡಿಯಾಗಿ ಕೂತಿರುತ್ತಿತ್ತು. ಫಾರ್ಮಲಿನ್ ಮೇಲುಮೇಲಷ್ಟೇ ಗಟ್ಟಿ ಮಾಡುತ್ತಿತ್ತು. ಅದು ನಡುವಿಗೆ ಇಳಿಯುವ ಹೊತ್ತಿಗೆ ಒಳಗೆಲ್ಲ ಕೊಳೆತಿರುತ್ತಿತ್ತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲ, ಎಣ್ಣೆಗಾಯಿ ಮಾಡುವ ಯಾವ ಹೆಂಗಸಿಗೆ ಇದು ಗೊತ್ತಿಲ್ಲ? ಬದನೆಕಾಯಿಗೆ ತೊಟ್ಟು ಬಿಡದ ಹಾಗೆ ನಾಲ್ಕು ಸೀಳು ಹಾಕಿದರೆ ಮಸಾಲೆ ಒಳಗೆ ಹೋಗುತ್ತದೆ, ಕಾಯಿಯ ಆಕಾರವೂ ಕೆಡುವುದಿಲ್ಲ. "ಹಾಗೇ ಸೀಳಿ, ಫಾರ್ಮಲಿನ್ ಒಳಗಿಳಿಯೋ ಹಾಗೆ ಸಂದಿಗೆ ಬ್ಯಾಂಡೇಜ್ ಬಟ್ಟೆ ಸಿಕ್ಕಿಸಿ, ದೊಡ್ಡ ಡಬ್ಬಿಗೆ ಹಾಕ್ತೀನಿ ಸಾರ್" ಅಂದೆ. "ಇದೇನು ನಿಮ್ಮ ಅಡುಗೆಮನೇನಮ್ಮ?" ಅಂತ ಡಾಕ್ಟರು ನಕ್ಕರು. ಹಲ್ಲು ಕಚ್ಚಿಕೊಂಡು ಬಾಟಲಿಯನ್ನು ಹಾಗೇ ಕಪಾಟಿಗೆ ಇಟ್ಟೆ.

ಟಿ. ನರಸೀಪುರದಿಂದ ರೇಷ್ಮೆ ನೂಲು ಬಿಚ್ಚುವ ಹೆಂಗಸೊಬ್ಬಳ ಎದೆಯ ಗಡ್ಡೆ ಬಂದದ್ದೂ ಶುಕ್ರವಾರವೇ. ನಿಂಬೆಹಣ್ಣಿಗಿಂತ ದೊಡ್ಡದು. ಗುರುವಾರ ಕುಯ್ದು ನೋಡಿದರೆ ನಡುವೆಲ್ಲ ಗೊಜ್ಜು. ಏನೂ ಹೇಳಲಾಗದು ಅಂತ ಡಾಕ್ಟರು ಬರೆದರು. ರಿಪೋರ್ಟಿಗೆ ಬಂದವಳು, "ಅಂಗಾದ್ರೆ ಏನಿಲ್ಲ ಅಂತಾನಾ?" ಅಂದಳು.

"ಏನಿಲ್ಲ ಅಂತಲ್ಲ ಕಣಮ್ಮ, ಗೊತ್ತಾಗಲಿಲ್ಲ ಅಂತ. ಮೈಸೂರಿಗೆ ಹೋಗಿ ತೋರಿಸು" ಅಂತ ಬಾಯಿ ಬಡ್ಕೊಂಡೆ. ಅವಳ ಕಿವಿಯಲ್ಲಿ ಉಳಿದದ್ದು 'ಏನಿಲ್ಲ' ಅನ್ನುವುದು ಮಾತ್ರ. ಮನೆಗೆ ಹೋದಳು, ಕೆಲಸಕ್ಕೂ ಹೋದಳು.

ಐದಾರು ತಿಂಗಳಿಗೆ ಅವಳದೇ ಕಂಕುಳಿನ ಗಂಟು ಬಂತು. ಮತ್ತೆ ಶುಕ್ರವಾರ! ಅಪ್ಪಣೆ ಹಾಳಾಗಿ ಹೋಗಲಿ ಅಂತ ಬ್ಲೇಡು ತಗೊಂಡು ಅವತ್ತೇ ಸೀಳಿಬಿಟ್ಟೆ. ಗುರುವಾರ ಡಾಕ್ಟರು ಲ್ಯಾಬೆಲ್ಲ ಕೇಳುವ ಹಾಗೆ ಕೂಗಾಡಿದರು. ಸ್ಲೈಡು ತಯಾರಾದ ಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ನಡುವಿನವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಕ್ಯಾನ್ಸರ್.

ಅವಳು ಬಂದಾಗ ನಾನೇ ಹೇಳಿದೆ. ಈ ಸಲ ಬಂದ ದಿನವೇ ಸೀಳಿದ್ದಕ್ಕೆ ಗೊತ್ತಾಯಿತು ಅಂತಲೂ ಹೇಳಿದೆ, ಯಾಕೆ ಹೇಳಿದೆನೋ.

"ಮೊದಲ್ನೇದ್ನೂ ಅಂಗೇ ಸೀಳಿದ್ರೆ ಆಯ್ತಿರ್ಲಿಲ್ವಾ?"

"ಡಾಕ್ಟರು ಒಪ್ಪಿರಲಿಲ್ಲಮ್ಮ."

"ಈ ಸಲ ಒಪ್ಪಿದ್ರಾ?"

ಇಲ್ಲ ಅಂದೆ.