ಅಕ್ಕ ಬರೆದ ಬಿಸಿಲಿನ ಲೆಕ್ಕ

ಎಂಬತ್ತರ ದಶಕದ ಮೊದಲಿನಲ್ಲಿ ನಾನು ಮಣಿಪಾಲದ ಕಾಲೇಜೊಂದರಲ್ಲಿ ಉಪಗ್ರಹಗಳ ಪಾಠ ಮಾಡುತ್ತಿದ್ದೆ. ಗಾಳಿಯಿಂದ ಹೊರಡುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಮೇಲಿನಿಂದ ಅಳೆದು, ಯಾವ ಎತ್ತರದಲ್ಲಿ ಎಷ್ಟು ಬಿಸಿ ಎಂದು ತಿಳಿಸುವ ಉಪಗ್ರಹಗಳು. ಒಂದಕ್ಕೆ ವಯಸ್ಸಾದರೆ ಇನ್ನೊಂದು ಬರುತ್ತದೆ. ಹಳೆಯದೂ ಹೊಸದೂ ಕೆಲವು ತಿಂಗಳಾದರೂ ಒಂದೇ ಆಕಾಶವನ್ನು ಒಟ್ಟಿಗೆ ನೋಡಬೇಕು. ಇಲ್ಲದಿದ್ದರೆ ಬದಲಾದದ್ದು ಗಾಳಿಯೋ ಉಪಕರಣವೋ ಎಂದು ತಿಳಿಯುವುದಿಲ್ಲ, ವರ್ಷಗಟ್ಟಲೆಯ ದಾಖಲೆ ನೀರುಪಾಲು. ಇದನ್ನೇ ಹೇಳಿ ಹೇಳಿ ವಿದ್ಯಾರ್ಥಿಗಳ ತಲೆ ತಿನ್ನುತ್ತಿದ್ದೆ.

ಉಪಗ್ರಹದ ಅಂಕಿಗಳು ಅಂಚೆಯಲ್ಲಿ ಬರುತ್ತಿದ್ದವು. ಹೋಲಿಸಲು ನೆಲದ ಮೇಲಿನ ಬಿಸಿಯೂ ಬೇಕಿತ್ತು. ಅದನ್ನು ಬರೆದುಕೊಡುತ್ತಿದ್ದವಳು ಕಾಪುವಿನ ಮನೆಯಲ್ಲಿದ್ದ ನನ್ನ ಅಕ್ಕ. ಅಮ್ಮ ಹೋದ ಮೇಲೆ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ಉಪಗ್ರಹ ಹಾದುಹೋಗುವ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಬೀಡಿ ಎಲೆಯ ಮೊರ, ನಮ್ಮ ಕಡೆಯ ತಡ್ಪೆ, ಬದಿಗಿಟ್ಟು, ಹಿತ್ತಿಲ ನೆರಳಿನ ಪೆಟ್ಟಿಗೆಯಲ್ಲಿದ್ದ ಥರ್ಮಾಮೀಟರ್ ನೋಡಿ ಬರೆಯುತ್ತಿದ್ದಳು. ನಾಲ್ಕು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಥರ್ಮಾಮೀಟರಿನ ಅಂಕಿಗಳು ಮಾಸಿದ್ದವು. ಒಂದು ಭಾನುವಾರ ಹೊಸದನ್ನು ತೂಗುಹಾಕಿ ಹಳೆಯದನ್ನು ಅಂದೇ ಕಪಾಟಿಗೆ ಹಾಕಿದೆ. ಎರಡು ತಿಂಗಳ ನಂತರ ಅಕ್ಕನ ಪುಸ್ತಕ ತೆರೆದರೆ ಎಲ್ಲವೂ ಒಂದು ಡಿಗ್ರಿ ಹೆಚ್ಚು. ಉಪಗ್ರಹದ ಅಂಕಿಗಳು ಏರಿರಲಿಲ್ಲ. ಹೊಸದು ತಪ್ಪಬಹುದೆಂದು ನನ್ನ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

"ನಿನಗೆ ಕಣ್ಣು ಕಾಣುವುದಿಲ್ಲವಾ? ಎಂತದ್ದೆಲ್ಲ ಬರೆದಿದ್ದಿ?"

"ಕಂಡದ್ದನ್ನೇ ಬರೆದದ್ದು ಮಾರಾಯ."

ಕೆಂಪು ಶಾಯಿಯಿಂದ ಎರಡು ತಿಂಗಳನ್ನೂ ಹೊಡೆದುಹಾಕಿ ಪುಸ್ತಕ ಕಿತ್ತುಕೊಂಡು ಬಂದೆ. ಆಮೇಲೆ ಅಕ್ಕ ಬೀಡಿ ಕಟ್ಟುವುದನ್ನೂ ಬಿಟ್ಟು ಕಾರ್ಕಳದಲ್ಲಿದ್ದ ನಮ್ಮ ತಂಗಿಯ ಮನೆಗೆ ಹೋದಳು. ನಾನು ನೋಡಲು ಹೋಗಲಿಲ್ಲ. ಮುಂದಿನ ಮಳೆಗಾಲ ಜ್ವರ ಬಂದು ತೀರಿಕೊಂಡಳು.

ಉತ್ತರಕ್ರಿಯೆ ಮುಗಿದ ಮೇಲೆ ಕಾಪುವಿನ ಮನೆ ಖಾಲಿ ಮಾಡುವಾಗ ಕೈಗೆ ಹಳೆಯ ಥರ್ಮಾಮೀಟರ್ ಸಿಕ್ಕಿತು. ಹಿತ್ತಿಲ ಪೆಟ್ಟಿಗೆಯಿಂದ ಹೊಸದನ್ನು ತಂದು ಎರಡನ್ನೂ ಒಂದೇ ಚೊಂಬಿನ ನೀರಿಗೆ ಇಳಿಸಿದೆ. ಹೊಸದು ಒಂದು ಡಿಗ್ರಿ ಹೆಚ್ಚು ತೋರಿಸಿತು. ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. ಪಾತ್ರೆ ಕಟ್ಟುತ್ತಿದ್ದ ತಂಗಿ ಹತ್ತಿರ ಬಂದಳು. ಅಕ್ಕನ ಕಣ್ಣು ಸರಿಯಾಗಿಯೇ ಇತ್ತು ಎಂದು ಅವಳಿಗೆ ಹೇಳಿದೆ.

"ನನಗೆ ಗೊತ್ತುಂಟು ಅಣ್ಣ," ಎಂದಳು. "ಕಾರ್ಕಳದಲ್ಲಿ ಡಾಕ್ಟರಿಗೆ ತೋರಿಸಿದ್ದೆ. ಕಣ್ಣಿಗೆ ಎಂತದ್ದೂ ಆಗಲಿಲ್ಲ ಅಂದರು. ಅಕ್ಕ ನಂಬಲಿಲ್ಲ. ಡಾಕ್ಟರಿಗೆ ಎಂತ ಗೊತ್ತು, ನನ್ನ ತಮ್ಮ ಅಷ್ಟು ಓದಿದವ, ಅವನೇ ಹೇಳಿದ್ದಾನಲ್ಲ ಅಂದಳು."